ಮೂವತ್ತೊಂದನೆಯ ಕಡ್ಡಿ

"ನಲವತ್ತನಾಲ್ಕು, ನಲವತ್ತೈದು. ಮುಗೀತು ಅಂಕಲ್. ಒಂದೂ ಕಳೆದುಹೋಗಿಲ್ಲ," ಎಂದು ನಿಶ್ಮಿತಾ ಕೊನೆಯ ಕಡ್ಡಿಯನ್ನು ಹಳೆಯ ಪತ್ರಿಕೆಯ ಮೇಲಿಟ್ಟಳು.

"ಇನ್ನೊಮ್ಮೆ," ಎಂದರು ಸಂಗನಬಸಪ್ಪ.

"ಮೂರು ಸಲ ಆಯ್ತು ಮಾರಾಯ್ರೇ! ಇದೆಂತ, ಎಣಿಸಿದ ಹಾಗೆ ಮರಿ ಹಾಕ್ತದಾ?"

ಸಂಗನಬಸಪ್ಪ ನಗಲಿಲ್ಲ. ಮೇಜಿನ ಮೇಲಿದ್ದ ಉದ್ದನೆಯ, ತೆಳು ಹಲಗೆಯ ವಾದ್ಯವನ್ನು ನೋಡುತ್ತ ಕುಳಿತರು. ಸ್ಕ್ರಿಪ್ಸ್ ರ್ಯಾಂಚ್‌ನ ಮನೆಯೊಂದು ಕಾಡ್ಗಿಚ್ಚಿನಲ್ಲಿ ಸುಡುವ ಮೊದಲೇ ಅಲ್ಲಿಂದ ಕಳವಾಗಿದೆಯೆಂದು ಎರಡು ವರ್ಷ ಮೂರೂವರೆ ತಿಂಗಳ ಹಿಂದೆ ಅವರೇ ವರದಿ ಬರೆದಿದ್ದ ವರ್ಜಿನಲ್ ಅದು. ಕಳ್ಳನೆಂದು ಅವರು ಬೆರಳು ಮಾಡಿದ್ದು ಅದನ್ನು ಶ್ರುತಿ ಮಾಡುತ್ತಿದ್ದ ಯೋಗೀಶನ ಕಡೆಗೆ.

ಯಾರೂ ಯೋಗೀಶನನ್ನು ಜೈಲಿಗೆ ಹಾಕಲಿಲ್ಲ. ಆದರೆ 'ಅನುಮಾನ' ಎಂಬ ಒಂದು ಪದ ಪೊಲೀಸ್ ಕಡತವನ್ನು ಸೇರಿತು. ಅಲ್ಲಿಂದ ಅವನ ಕೆಲಸ ಹೋಯಿತು. ಕೆಲಸದೊಡನೆ ವೀಸಾ ಹೋಯಿತು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಲಾಸ್ ಏಂಜಲೀಸ್‌ನ ವಲಸೆ ನ್ಯಾಯಾಧೀಶರ ಮುಂದೆ ಅವನ ಕೊನೆಯ ವಿಚಾರಣೆ. ಕಳವಿನ ಕಲೆ ಅಳಿಯದಿದ್ದರೆ ಗಂಡ ಹೆಂಡತಿ ಇಬ್ಬರೂ ದೇಶ ಬಿಡಬೇಕು.

ಇವತ್ತು ಶನಿವಾರ.

ವುಡ್‌ಲ್ಯಾಂಡ್ ಹಿಲ್ಸ್‌ನ ವಿಮಾ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಬೆಂಕಿಯ ಪ್ರಕರಣಗಳನ್ನು ಪರಿಶೀಲಿಸಿ, ಕಳೆದ ವರ್ಷ ನಿವೃತ್ತರಾದವರು ಸಂಗನಬಸಪ್ಪ. ಯೋಗೀಶನ ಹೆಂಡತಿ ರಾಜೀವಿ ಮೂರು ವಾರಗಳ ಹಿಂದೆ ಅವರ ಬಾಗಿಲಿಗೆ ಬಂದು ನಿಂತಾಗ ಅವರು ಏನೊಂದೂ ಆಶ್ವಾಸನೆ ಕೊಡಲಿಲ್ಲ. "ಲೆಕ್ಕ ಇನ್ನೊಮ್ಮೆ ಮಾಡುತ್ತೇನೆ" ಎಂದಷ್ಟೇ ಹೇಳಿದ್ದರು. ಕಳೆದ ವಾರ ವಿದ್ಯಾರ್ಥಿಗಳ ಸಂಗೀತ ಕಾರ್ಯಕ್ರಮವೊಂದರ ಫೋಟೊದಲ್ಲಿ ನಿಶ್ಮಿತಾ ನುಡಿಸುತ್ತಿದ್ದ ವಾದ್ಯವನ್ನು ಗುರುತಿಸಿದವಳೂ ರಾಜೀವಿಯೇ. ಗಂಡ ತಿಂಗಳುಗಟ್ಟಲೆ ಕೈಯಾಡಿಸಿದ್ದ ಮರ. ಅವಳಿಗೆ ಅದರ ನಾರಿನ ಗೆರೆಗಳೂ ಗೊತ್ತಿದ್ದವು.

"ವರ್ಜಿನಲ್ ಎಂದರೇನು?" ಎಂದು ಸಂಗನಬಸಪ್ಪ ನಿಶ್ಮಿತಾಳನ್ನು ಕೇಳಿದರು. ವರದಿ ಬರೆಯುವ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ.

"ಹೆಸರಾ? ಅದೊಂದು ದೊಡ್ಡ ಜಗಳ ಅಂಕಲ್. ಮದುವೆಯಾಗದ ಹುಡುಗಿಯರು ನುಡಿಸ್ತಿದ್ರು, ಅದಕ್ಕೇ ಕನ್ಯೆಯ ಹೆಸರು ಅಂತ ಕೆಲವರು. ಅಲ್ಲ, ಲ್ಯಾಟಿನ್‌ನಲ್ಲಿ ಕಡ್ಡಿಗೆ ಹೇಳುವ ಮಾತಿನಿಂದ ಬಂತು ಅಂತ ಇನ್ನು ಕೆಲವರು. ಇದರ ಅಕ್ಕ ಒಂದುಂಟು, ಸ್ಪಿನೆಟ್. ಅದಕ್ಕೆ ಮುಳ್ಳಿನ ಹೆಸರಂತೆ."

"ಯಾವುದು ಸರಿ?"

"ಯಾರಿಗೂ ಗ್ಯಾರಂಟಿ ಇಲ್ಲ. ನಂಗೆ ಕೆಲಸ ಗೊತ್ತುಂಟು, ನೋಡಿ." ಅವಳು ಒಂದು ಕಡ್ಡಿಯನ್ನು ಅದರ ಕಿಂಡಿಯೊಳಗಿಳಿಸಿ ಕೀ ಒತ್ತಿದಳು. ಕಡ್ಡಿ ಮೇಲಕ್ಕೆ ಜಿಗಿಯಿತು. ಅದರ ಪಕ್ಕದಲ್ಲಿ ಸಿಕ್ಕಿಸಿದ್ದ ಗರಿಯ ಚೂರು ತಂತಿಯನ್ನು ಮೀಟಿತು. ಪಿಯಾನೊದ ಗಂಭೀರ ನಾದವಲ್ಲ; ಉಗುರಿನಿಂದ ತಂಬೂರಿ ಮೀಟಿದಂಥ ತೆಳುವಾದ, ಹರಿತವಾದ ದನಿ.

ಸಂಗನಬಸಪ್ಪನವರಿಗೆ ಕನ್ಯೆ, ಕಡ್ಡಿ, ಮುಳ್ಳು ಈ ಮೂರರಲ್ಲಿ ಕಡ್ಡಿಯೇ ಹಿಡಿಸಿತು. ಕಡ್ಡಿಯನ್ನು ಎಣಿಸಬಹುದು.

ಅವರ ಹಳೆಯ ವರದಿಯ ನಾಲ್ಕನೆಯ ಪುಟದಲ್ಲಿ ಹೀಗಿತ್ತು: 'ವರ್ಜಿನಲ್, ಒಂದು ಬಗೆಯ ಸಣ್ಣ ಪಿಯಾನೊ. ಸಾಗಿಸಲು ಇಬ್ಬರು ಗಂಡಸರು ಮತ್ತು ಒಂದು ವ್ಯಾನು ಅವಶ್ಯ.' ಆ ಮಾತನ್ನು ಬರೆದಾಗ ಅವರು ಒಂದೂ ವರ್ಜಿನಲ್ ನೋಡಿರಲಿಲ್ಲ. ನೋಡುವ ಅಗತ್ಯವಿದೆಯೆಂದೂ ಅನ್ನಿಸಿರಲಿಲ್ಲ.

"ನಿಮ್ಮ ಮನೆಯಲ್ಲಿ ತೂಕದ ಯಂತ್ರ ಇದೆಯೇ?"

"ಉಂಟು. ಯಾಕೆ?"

"ವಾದ್ಯವನ್ನು ಎತ್ತಿಕೊಂಡು ಅದರ ಮೇಲೆ ನಿಲ್ಲು. ಆಮೇಲೆ ಬರಿಗೈಯಲ್ಲಿ ನಿಲ್ಲು. ವ್ಯತ್ಯಾಸ ಹೇಳು."

"ನನ್ನ ತೂಕ ನಿಮಗೆ ಹೇಳುದಿಲ್ಲ!"

"ನನಗೆ ಬೇಡ. ಕಳೆದು ಉಳಿದದ್ದು ಸಾಕು."

ಅವರನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಕಡ್ಡಿಗಳನ್ನೆಲ್ಲ ಮತ್ತೆ ಜೋಡಿಸಿಕೊಂಡು ಅವಳು ತೂಗಿದಳು. "ಇಪ್ಪತ್ತೇಳು ಪೌಂಡು."

ಇಂಡಿಯನ್ ಸ್ಟೋರಿನ ಅಕ್ಕಿಯ ಚೀಲ ಇಪ್ಪತ್ತು. ಅದಕ್ಕಿಂತ ಏಳೇ ಪೌಂಡು ಹೆಚ್ಚು. ಇಬ್ಬರು ಗಂಡಸರೂ ಬೇಡ, ವ್ಯಾನೂ ಬೇಡ. ಆತುರದಲ್ಲಿರುವ ಒಬ್ಬ ಹುಡುಗಿ ಸಾಕು.

"ಇಷ್ಟು ಹಗುರವೇ ಇದು?"

"ಇದಕ್ಕೊಂದು ಹೊರಪೆಟ್ಟಿಗೆ ಇರ್ತದೆ ಅಂಕಲ್, ದಪ್ಪದ್ದು, ಮುಚ್ಚಳ ಕೀಲು ಎಲ್ಲ ಅದರದ್ದೇ. ಒಳಗಿನದನ್ನು ಹೀಗೆ ಎಳೆದರೆ ಬಂತು. ನಂಗೆ ಸಿಕ್ಕಿದ್ದು ಒಳಗಿನದು ಮಾತ್ರ."

ಸಂಗನಬಸಪ್ಪನವರ ಕೈ ಮೇಜಿನ ಅಂಚಿನಲ್ಲಿ ನಿಂತಿತು. ಸ್ಕ್ರಿಪ್ಸ್ ರ್ಯಾಂಚ್‌ನ ಆ ಬೂದಿಯನ್ನು ಅವರು ಮೂರು ದಿನ ಜರಡಿ ಹಿಡಿದಿದ್ದರು. ತಂತಿ ಬಿಗಿಯುವ ಕಬ್ಬಿಣದ ಮೊಳೆ ನಲವತ್ತೈದು ಸಿಗಬೇಕಾಗಿತ್ತು, ಒಂದೂ ಸಿಗಲಿಲ್ಲ. ಆದ್ದರಿಂದ ವಾದ್ಯ ಬೆಂಕಿಯಲ್ಲಿ ಇರಲಿಲ್ಲ. ಅಷ್ಟು ಸರಿ. ಆದರೆ ಅದೇ ಮೂಲೆಯಲ್ಲಿ ನಾಲ್ಕು ಕಬ್ಬಿಣದ ಕೀಲುಗಳು ಸಿಕ್ಕಿದ್ದವು. ಯಾವುದೋ ಬೀರುವಿನವೆಂದು ಅವರು ಅವನ್ನು ಪಕ್ಕಕ್ಕಿಟ್ಟಿದ್ದರು.

ಬೀರುವಿನವಲ್ಲ, ಹೊರಪೆಟ್ಟಿಗೆಯವು. ಬಿಡುವಿದ್ದ ಕಳ್ಳ ಪೆಟ್ಟಿಗೆಸಮೇತ ಒಯ್ಯುತ್ತಾನೆ. ಬೆಂಕಿ ಬೆನ್ನಿಗೆ ಬಿದ್ದವರು ಮಾತ್ರ ಒಳಗಿನದನ್ನು ಎಳೆದುಕೊಂಡು ಓಡುತ್ತಾರೆ.

ಅವರು ಕಡ್ಡಿಗಳನ್ನು ಮತ್ತೆ ಹೊರತೆಗೆಸಿದರು. ಪ್ರತಿಯೊಂದರ ಮೇಲೂ ಶಾಯಿಯಲ್ಲಿ ಬರೆದ ಅಂಕಿಯಿತ್ತು. ಜೇಬಿನಿಂದ ಭೂತಗನ್ನಡಿ ತೆಗೆದು ಒಂದರಿಂದ ಶುರುಮಾಡಿದರು.

ಯೋಗೀಶನ ಹೇಳಿಕೆ ಅವರಿಗೆ ಬಾಯಿಪಾಠ. ವಾದ್ಯದಲ್ಲಿ ಮೊದಲು ಇದ್ದದ್ದು ಕಾಗೆಯ ಗರಿ. ಅದು ತಿಳಿದ ದಿನ ಮನೆಯ ಅಜ್ಜಿ ಮಲ್ಲವ್ವ ಊಟ ಬಿಟ್ಟರು. ಧಾರವಾಡದಿಂದ ತಂದಿದ್ದ ನವಿಲುಗರಿಯ ಬೀಸಣಿಗೆಯನ್ನು ಬಿಚ್ಚಿ, ಹದಿನೈದು ಗರಿ ಎಣಿಸಿ ಯೋಗೀಶನ ಕೈಗಿಟ್ಟರು. ಒಂದು ಗರಿಗೆ ಮೂರು ಚೂರು. ಗುರುವಾರ ಸಂಜೆಯವರೆಗೆ ಹತ್ತು ಗರಿ, ಮೂವತ್ತು ಕಡ್ಡಿ ಮುಗಿದವು. ಉಳಿದ ಐದು ಗರಿ ಅವನ ಚೀಲದಲ್ಲಿತ್ತು. ಉಳಿದ ಹದಿನೈದು ಕಡ್ಡಿ ಸೋಮವಾರಕ್ಕೆ. ಬೆಂಕಿ ಬಂದದ್ದು ನಡುವಿನ ಭಾನುವಾರ.

ಒಂದರಿಂದ ಮೂವತ್ತು: ನವಿಲಿನ ಗರಿ. ಬಲದಿಂದ ಎಡಕ್ಕೆ ಇಳಿದ, ಒಂದೇ ಬೀಸಿನ ಕೊಯ್ತ. ನುರಿತ ಕೈ.

ಮೂವತ್ತೊಂದು: ಅದೂ ನವಿಲಿನದೇ.

ಅವರು ಉಸಿರು ಬಿಡದೆ ಮುಂದೆ ಸರಿದರು. ನಲವತ್ತೈದರವರೆಗೂ ನವಿಲಿನದೇ. ಆದರೆ ಮೂವತ್ತೊಂದರ ಕೊಯ್ತ ಜಜ್ಜಿಹೋಗಿತ್ತು. ಮೂವತ್ತೆರಡು ವಕ್ರ. ಮೂವತ್ತೇಳರಲ್ಲಿ ಕೈ ಸ್ವಲ್ಪ ತಿದ್ದಿಕೊಂಡಿತ್ತು. ನಲವತ್ತೈದನೆಯದು ಗುರುವಿನ ಕೊಯ್ತಕ್ಕೆ ಸರಿಗಟ್ಟುವಂತಿತ್ತು. ಹದಿನೈದೂ ಎಡದಿಂದ ಬಲಕ್ಕೆ ಇಳಿದಿದ್ದವು.

ಹದಿನೈದು ಕಡ್ಡಿಗಳಲ್ಲಿ ಒಬ್ಬರು ವಿದ್ಯೆ ಕಲಿತಿದ್ದರು. ಕಲಿಸಿದವನ ಚೀಲದಲ್ಲೇ ಆ ಐದು ಗರಿ ಇದ್ದದ್ದು.

ಸಂಗನಬಸಪ್ಪ ಕನ್ನಡಿಯನ್ನು ಕೆಳಗಿಟ್ಟರು. ಅಂದರೆ ಬೆಂಕಿಯ ನಂತರ ಯೋಗೀಶ ಈ ವಾದ್ಯದ ಬಳಿ ಕುಳಿತಿದ್ದಾನೆ. ಇದು ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಈ ಒಂದು ಸಂಗತಿಯನ್ನು ಸರಕಾರಿ ವಕೀಲ ನೋಡಿದರೆ ಬೇರೆ ಸಾಕ್ಷಿ ಬೇಕಾಗಿಲ್ಲ.

"ಇದನ್ನು ನಿನಗೆ ಕೊಟ್ಟವಳು ಎಡಗೈಯವಳು," ಎಂದರು.

"ಅವಳು ಅಂತ ನಾನು ಹೇಳ್ಲೇ ಇಲ್ಲವಲ್ಲ!" ಎಂದ ನಿಶ್ಮಿತಾ ತುಟಿ ಕಚ್ಚಿಕೊಂಡಳು. "ಅಂಕಲ್, ಇದು ಮೋಸ. ನಾನು ಪ್ರಾಮಿಸ್ ಮಾಡಿದ್ದೆ."

"ನೀನು ಹೆಸರು ಹೇಳಿಲ್ಲ. ನಿನ್ನ ಮಾತು ಉಳಿದಿದೆ."

ಕಡ್ಡಿಗಳ ಸಾಲನ್ನು ಮುಚ್ಚುವ ಮರದ ಪಟ್ಟಿಯನ್ನು ಕೊನೆಗೆ ಅವರು ತಿರುಗಿಸಿ ನೋಡಿದರು. ಅದರ ಮೇಲೆ ಮೂರು ಬೆರಳಿನ ಮಾಸಿದ ಬಿಳಿ ಗೆರೆಗಳಿದ್ದವು.

"ಅದು ನಾನು ಒರೆಸಿಲ್ಲ," ಎಂದಳು ಹುಡುಗಿ. "ಯಾರೋ ಭಕ್ತಿಯಿಂದ ಹಚ್ಚಿದ್ದು ಅಂತ ಕಾಣ್ತದೆ."

*

ಸ್ಕ್ರಿಪ್ಸ್ ರ್ಯಾಂಚ್‌ಗೆ ದಕ್ಷಿಣಕ್ಕೆ ಮೂರು ಗಂಟೆಯ ದಾರಿ. ಸಮುದ್ರ ಕಾಣುವ ಕಡೆ ಪೆಟ್ರೋಲಿಗೆಂದು ನಿಲ್ಲಿಸಿ ಅವರು ರಾಜೀವಿಗೆ ಫೋನ್ ಮಾಡಿದರು.

"ಯೋಗೀಶ ಏನಾದರೂ ಹೇಳಿದನೇ?"

"ಎಂತ ಹೇಳುದು ಸರ್. ಲಾಯರು ಕೇಳಿದ್ದು ಒಂದೇ ಸಾಲು. ನಾನು ಕದ್ದಿಲ್ಲ ಅಂತ ಬರೆದು ಸೈನ್ ಮಾಡಿ ಅಂತ. ಇವರು ಪೆನ್ನು ಹಿಡ್ಕೊಂಡು ಅರ್ಧ ಗಂಟೆ ಕೂತ್ರು. ಮತ್ತೆ ಪೆನ್ನು ಮುಚ್ಚಿಟ್ರು." "ಕದ್ದದ್ದೇ ಹೌದಾ ಸರ್? ನನ್ನ ಹತ್ರವಾದ್ರೂ ಹೇಳ್ಬಾರ್ದಾ?"

"ಕದ್ದಿಲ್ಲ," ಎಂದರು ಸಂಗನಬಸಪ್ಪ. ಸಾಕ್ಷಿ ಪೂರ್ತಿಯಾಗುವ ಮೊದಲೇ ತೀರ್ಮಾನ ಹೇಳಿದ್ದು ಇದು ಅವರ ಜೀವನದಲ್ಲಿ ಎರಡನೆಯ ಸಲ. ಮೊದಲನೆಯ ಸಲವೂ ಇದೇ ಮನುಷ್ಯನ ವಿಷಯದಲ್ಲಿ ಹೇಳಿದ್ದರು.

*

ಸ್ಕ್ರಿಪ್ಸ್ ರ್ಯಾಂಚ್‌ನ ಆ ಬೀದಿಯಲ್ಲಿ ನೀಲಗಿರಿ ಮರಗಳ ಕಪ್ಪು ಮೋಟುಗಳು ಇನ್ನೂ ಇದ್ದವು; ಅವುಗಳ ನಡುವೆ ಮನೆಗಳೆಲ್ಲ ಹೊಸವು. ವಾದ್ಯವಿದ್ದ ಮನೆಯ ಯಜಮಾನ ಸೋಮನಾಥ ಬಾಗಿಲು ತೆಗೆದ. ಜೀವರಸಾಯನದ ಪ್ರಯೋಗಾಲಯದಲ್ಲಿ ದೊಡ್ಡ ಹುದ್ದೆಯವನು, ಐವತ್ತರ ಆಸುಪಾಸು. ಹಳೆಯ ಮುಖ ಕಂಡು ಅವನ ಮುಗುಳ್ನಗೆ ಅರ್ಧಕ್ಕೆ ನಿಂತಿತು.

"ಸಂಗನಬಸಪ್ಪನವರ? ರಿಟೈರ್ ಆದ್ರಿ ಅಂತ ಕೇಳಿದ್ದೆ."

"ಆಗೀನಿ. ಕಂಪನಿ ಕಡೆಯಿಂದ ಬಂದಿಲ್ಲ."

"ಯಾರಪಾ ಅದು? ನಮ್ಮ ಕಡೆ ಮಾತು ಕೇಳಿಸಾಕತ್ತದ," ಎಂದು ಒಳಗಿನಿಂದ ಮಲ್ಲವ್ವನ ದನಿ ಬಂತು. "ನಿಂದರಿಸಿ ಮಾತಾಡಸ್ತಿಯೇನ? ಒಳಗ ಕರಕೊಂಬಾ. ಸೌಜನ್ಯಾ, ಚಾ ಇಡವಾ."

ಎಪ್ಪತ್ತಾರರ ಮಲ್ಲವ್ವ ಸೋಫಾದ ಮೇಲೆ ಕಾಲು ಮಡಚಿ ಕುಳಿತಿದ್ದರು. ಸ್ವಲ್ಪ ಹೊತ್ತಿಗೆ ಮೊಮ್ಮಗಳು ಚಹಾ ತಂದಳು. ಕಾಲೇಜಿನಿಂದ ವಾರಾಂತ್ಯಕ್ಕೆ ಬಂದಿದ್ದ, ಹತ್ತೊಂಬತ್ತಕ್ಕೆ ಕಾಲಿಟ್ಟ ಹುಡುಗಿ. ಕಪ್ಪನ್ನು ಅತಿಥಿಯ ಕಡೆ ಚಾಚಿದಳು.

"ಎಡಗೈಲೆ ಕೊಡಬ್ಯಾಡ ಅಂತ ಎಷ್ಟ ಸಲ ಹೇಳ್ಲಿ ನಿನಗ!"

"ಸಾರಿ ಅಜ್ಜಿ," ಎಂದು ಸೌಜನ್ಯಾ ಕೈ ಬದಲಿಸಿದಳು.

ಸಂಗನಬಸಪ್ಪ ಕಪ್ಪನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ಮಗನನ್ನು ಬಿಟ್ಟು ತಾಯಿಯ ಕಡೆ ತಿರುಗಿದರು.

"ಅವ್ವಾರ, ಒಂದು ಮಾತು. ಬೆಂಕಿ ಬಿದ್ದ ಹಿಂದಿನ ದಿನ ದೀಪಾವಳಿ ಇತ್ತು. ಲಕ್ಷ್ಮೀ ಪೂಜಿ ಮಾಡಿದ್ರೇನು?"

"ಮಾಡಲಾರದ ಇರ್ತಾರೇನಪಾ? ಶನಿವಾರ ಸಂಜಿಮುಂದ. ಅಡಗಿಮನಿ ಒಲಿಗೆ, ಕಾರಿಗೆ, ಇವನ ಕಂಪ್ಯೂಟರಿಗೆ, ಎಲ್ಲಾಕ್ಕೂ ವಿಭೂತಿ ಹಚ್ಚಿದೆ."

"ಈ ಹುಡುಗಿಯ ವಾದ್ಯಕ್ಕ?"

"ಕನ್ಯಾ ಪೇಟಿಗೇನು? ಅದಕ್ಕ ಮೊದಲ ಹಚ್ಚಿದೆ. ಮೊದ್ಲ ಕಾಗಿ ಗರಿ ಇದ್ದ ಪೇಟಿ. ನಮ್ಮೊಳಗ ಕಾಗಿ ಶಾಸ್ತ್ರ ಇಲ್ಲ ಅಂತ ಇಂವಾ ನನಗ ಉಪದೇಶ ಮಾಡಿದಾ. ಇಲ್ಲದಿದ್ರ ಇಲ್ಲ, ಕಾಗಿ ಗರಿ ಅಂದ್ರ ಕಾಗಿ ಗರಿನ. ಮ್ಯಾಲಿನ ಪಟ್ಟಿಗೆ ಮೂರು ಬೆರಳು ಎಳದೆ."

"ಶನಿವಾರ ಸಂಜಿಮುಂದ ಅದು ಮನ್ಯಾಗ ಇತ್ತು."

"ಇಲ್ಲದಿದ್ರ ಗಾಳಿಗೆ ಹಚ್ಚಲೇನ?"

ಗುರುವಾರದ ನಂತರ ವಾದ್ಯವನ್ನು ಕಂಡ ನೆನಪಿಲ್ಲವೆಂದು ಸೋಮನಾಥ ಬರೆದುಕೊಟ್ಟಿದ್ದ. ಸಂಗನಬಸಪ್ಪ ಅದನ್ನು ಒಪ್ಪಿಕೊಂಡಿದ್ದರು. ಆಗ ಈ ಮುದುಕಿ ಇದೇ ಸಂಸಾರದೊಡನೆ, ಹೋಟೆಲಿನ ಕೋಣೆಯೊಂದರಲ್ಲಿ, ಅವರ ಎದುರಿಗೇ ಕುಳಿತಿದ್ದರು. ಅಜ್ಜಿಯನ್ನು ಏನು ಕೇಳುವುದೆಂದು ಅವರು ಕೇಳಿರಲಿಲ್ಲ. ಒಂದು ಪ್ರಶ್ನೆ. ಒಂದೇ ಒಂದು.

"ಸೋಮನಾಥ," ಎಂದರು ಅವರು, "ಭಾನುವಾರ ಮುಂಜಾನೆ ಏಳರಿಂದ ಹನ್ನೆರಡರವರೆಗೆ ಯೋಗೀಶ ನಾರ್ತ್‌ರಿಜ್‌ನ ಚರ್ಚಿನೊಳಗ ಆರ್ಗನ್ ರಿಪೇರಿ ಮಾಡ್ತಿದ್ದ. ನಲವತ್ತು ಮಂದಿ ನೋಡ್ಯಾರ. ವಾದ್ಯ ಈ ಮನಿಯಿಂದ ಹೋದದ್ದು ಆ ಮುಂಜಾನೆ. ಬೂದಿಯೊಳಗ ಹೊರಪೆಟ್ಟಿಗಿಯ ನಾಲ್ಕು ಕೀಲು ಇದ್ವು. ಒಳಗಿಂದು ಇವತ್ತು ತೂಗಿ ನೋಡಿದೆ. ಇಪ್ಪತ್ತೇಳು ಪೌಂಡು."

"ನೀವು... ಅದು ಸಿಕ್ಕಿದೆಯಾ?" ಎಂದಳು ಸೌಜನ್ಯಾ.

"ಸೌಜನ್ಯಾ, ಒಳಗ ಹೋಗು," ಎಂದ ಸೋಮನಾಥ.

"ನೋ, ಅಪ್ಪ."

"ಹೋಗಂದ್ರ ಹೋಗು."

"ಐ ಆಮ್ ನಾಟ್ ಸಿಕ್ಸ್‌ಟೀನ್ ಎನಿಮೋರ್!" ಅವಳು ಅಜ್ಜಿಯ ಪಕ್ಕಕ್ಕೆ ಕುಳಿತಳು. ಅವಳ ಕನ್ನಡ ಎಡವುತ್ತಿತ್ತು. ಆದರೂ ಕನ್ನಡದಲ್ಲೇ ಹೇಳಿದಳು. "ನಾನೇ ತಗೊಂಡೆ ಅಂಕಲ್. ಅಪ್ಪ ಅಜ್ಜಿನ ಕರ್ಕೊಂಡು ಮುಂದೆ ಹೋದ್ರು. ಅಮ್ಮ ಇಂಡಿಯಾದಲ್ಲಿ ಇದ್ರು. ನಂಗೆ ಹೊಸ ಲೈಸೆನ್ಸ್. ಪಾಸ್‌ಪೋರ್ಟ್, ಆಲ್ಬಮ್ ತಗೊಂಡು ಇನ್ನೊಂದು ಕಾರಲ್ಲಿ ಬಾ ಅಂದ್ರು. ನಾನು ವರ್ಜಿನಲ್ ತಗೊಂಡೆ. ಸೀಟಲ್ಲಿ ಜಾಗ ಇರ್ಲಿಲ್ಲ. ಆಲ್ಬಮ್ ಬಿಟ್ಟೆ. ಅಜ್ಜನ ಫೋಟೋ ಎಲ್ಲಾ ಅದ್ರಲ್ಲಿತ್ತು."

ಮಲ್ಲವ್ವ ಮೊಮ್ಮಗಳ ಮುಖವನ್ನೇ ನೋಡುತ್ತಿದ್ದರು. ಅವರ ಗಂಡನ ಒಂದು ಫೋಟೊ ಕೂಡ ಈಗ ಈ ಮನೆಯಲ್ಲಿ ಇರಲಿಲ್ಲ.

"ಹೇಳೋಕೆ ಭಯ ಆಯ್ತು. ಫ್ರೆಂಡ್ ಗ್ಯಾರೇಜಲ್ಲಿ ಇಟ್ಟೆ. ಬುಧವಾರ ಅಪ್ಪಂಗೆ ಹೇಳ್ದೆ."

"ಮಂಗಳವಾರ ನಾನು ಸುಟ್ಟ ಸಾಮಾನಿನ ಪಟ್ಟಿಗೆ ಸಹಿ ಮಾಡಿ ಕೊಟ್ಟಿದ್ದೆ," ಎಂದ ಸೋಮನಾಥ. ದನಿ ತಗ್ಗಿತ್ತು. "ನೂರಾ ಎಂಬತ್ತು ಸಾಮಾನು. ಅದರಾಗ ಇದೂ ಒಂದು. ಸುಟ್ಟೈತಿ ಅಂತ ಖರೇನ ತಿಳ್ಕೊಂಡಿದ್ದೆ. ಒಂದು ಸುಳ್ಳು ಇದ್ರ ಪಟ್ಟಿ ಪೂರ್ತಿ ಸುಳ್ಳು ಅಂತ ಕೆಳಗ ಅಚ್ಚ ಹಾಕಿದ್ರಿ. ತಿದ್ದಿದ್ರ ಮನಿ ಹೋಗ್ತದ ಅಂತ ಅಂಜಿದೆ. ಆಮ್ಯಾಲೆ ನೀವೇ ಬಂದು, ಕಳವಾಗೇದ, ಕಳ್ಳ ಇಂಥಾವ ಅಂದ್ರಿ. ನಾ ಯಾರ ಹೆಸರೂ ಹೇಳಿರಲಿಲ್ಲ."

"ಹೌದು," ಎಂದರು ಸಂಗನಬಸಪ್ಪ. "ಹೆಸರು ಹೇಳಿದಾವ ನಾನು."

ಅವರು ಹುಡುಗಿಯ ಕಡೆ ತಿರುಗಿ ಕೇಳಿದರು: "ಮೂವತ್ತೊಂದನೆಯ ಕಡ್ಡಿ ಕೆಟ್ಟದಾಗಿ ಕೊಯ್ದೀಯಲ್ಲ. ಎಷ್ಟು ಗರಿ ಹಾಳು ಮಾಡಿದಿ?"

ಸೌಜನ್ಯಾ ನಗಲು ಹೋದಳು, ಕಣ್ಣು ತುಂಬಿತು. "ಒಂದೂ ಇಲ್ಲ. ಬೀಳೋ ಚೂರನ್ನೂ ಯೋಗೀಶ್ ಅಂಕಲ್ ಎತ್ತಿಡ್ತಿದ್ರು. ಅವರ ಕೆಲಸ ಹೋಯ್ತು ಅಂತ ಗೊತ್ತಾದ್ಮೇಲೆ, ಜನವರಿಯಲ್ಲಿ, ನಾನೇ ಫೋನ್ ಮಾಡ್ದೆ. ಗ್ಯಾರೇಜಿಗೆ ಬಂದ್ರು. ನೋಡಿದ್ರು. ಆಮೇಲೆ, ಹದಿನೈದು ಬಾಕಿ ಉಂಟಲ್ಲ ಮಗಾ, ನೀನೇ ಮಾಡು ಅಂದ್ರು. ಐದು ಶನಿವಾರ ಬಂದ್ರು. ನಾನು ಕಾಲೇಜಿಗೆ ಹೋಗೋವಾಗ ಅದನ್ನ ಇನ್ನೊಬ್ಳು ಫ್ರೆಂಡಿಗೆ ಕೊಟ್ಟೆ, ನನ್ನ ಹೆಸರು ಹೇಳ್ಬೇಡ ಅಂತ."

"ಅವನ ಮೇಲೆ ಅಪವಾದ ಇದ್ದದ್ದು ನಿನಗ ಗೊತ್ತಿತ್ತು."

"ನಾನು ಹೋಗಿ ಹೇಳ್ತೀನಿ ಅಂದೆ. ಬೇಡ ಅಂದ್ರು. ಆ ಆಫೀಸರಿಗೆ ನಾನೇ ಪತ್ರ ಬರೀತೇನೆ, ಎಲ್ಲಾ ಸರಿ ಮಾಡ್ತೇನೆ ಅಂದ್ರು. ಕೊನೇ ಶನಿವಾರ ಕೇಳ್ದೆ. ಬರೆದಾಯ್ತು, ಎಲ್ಲಾ ಸರಿಯಾಯ್ತು ಅಂದ್ರು." ಅವಳು ತಲೆಯೆತ್ತಿದಳು. "ಸರಿಯಾಗಿಲ್ವಾ ಅಂಕಲ್? ಪತ್ರ ನಿಮಗೆ ಬಂತಲ್ವಾ?"

ಸಂಗನಬಸಪ್ಪನವರ ಕೈಯ ಚಹಾ ಆರಿತ್ತು.

ಫೈಲು ಮುಚ್ಚಿದ್ದು ಜನವರಿ ಮೂವತ್ತರಂದು. ಫೆಬ್ರವರಿ ಒಂಬತ್ತರಂದು ಒಂದು ಲಕೋಟೆ ಬಂದಿತ್ತು. ಕಳುಹಿಸಿದವರ ಹೆಸರು ನೋಡಿದ್ದರೇ? ನೋಡಿದ್ದರು. ಮುಚ್ಚಿದ ಫೈಲಿನ ಕಾಗದವನ್ನು ಓದುವುದಿಲ್ಲ. ಒಬ್ಬರದು ಓದಿದರೆ ಎಲ್ಲರದೂ ಓದಬೇಕಾಗುತ್ತದೆ. ಅದು ಅವರು ತಮಗೆ ತಾವೇ ವಿಧಿಸಿಕೊಂಡು ಇಪ್ಪತ್ತೆಂಟು ವರ್ಷ ಪಾಲಿಸಿದ ಪದ್ಧತಿ. ಬೀಳ್ಕೊಡುಗೆಯ ದಿನ ಅದನ್ನೇ ಹೊಗಳಿದ್ದರು. ಅಂಥ ಕಾಗದವನ್ನೆಲ್ಲ ಮೂಲ ದಾಖಲೆಗಳೊಡನೆ ಸೇರಿಸಿ, ವಿಮೆ ಮಾಡಿಸಿದವರಿಗೆ ಅವರು ಹಿಂದಿರುಗಿಸುತ್ತಿದ್ದರು.

ವಿಮೆ ಮಾಡಿಸಿದವನು ಸೋಮನಾಥ.

"ಯೋಗೀಶನ ವಿಚಾರಣೆ ಸೋಮವಾರ ಹತ್ತು ಗಂಟೆಗೆ," ಎಂದರು ಅವರು. "ಸಾಕ್ಷಿ ಇಲ್ಲದಿದ್ರ ಅವನನ್ನ ದೇಶದಿಂದ ಹೊರಗ ಹಾಕ್ತಾರ."

ಸೌಜನ್ಯಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಮಲ್ಲವ್ವ ಮಗನನ್ನು ನೋಡಿದರು. "ಏ ಸೋಮ್ಯಾ," ಎಂದರು ಮೆಲ್ಲಗೆ. "ನಾ ಅಂವಗ ನನ್ನ ಕೈಯಾರೆ ಗರಿ ಕೊಟ್ಟಿದ್ದೆ. ಅಂವಾ ನನ್ನ ಮಾತಿಗೆ ಬೆಲಿ ಕೊಟ್ಟಾವ."

ಸೋಮನಾಥ ಎದ್ದ. "ಸೋಮವಾರ ನಾ ಬರ್ತೀನ್ರಿ. ಜಡ್ಜ್ ಮುಂದ ಹೇಳ್ತೀನಿ. ಮನಿ ಹೋದ್ರ ಹೋಗ್ಲಿ." ಒಳಗೆ ಹೋಗಿ ಒಂದು ಲಕೋಟೆ ತಂದು ಮೇಜಿನ ಮೇಲಿಟ್ಟ. "ಇದೂ ಇರಲಿ. ನೀವು ಕಳಿಸಿದ ಕಾಗದದಾಗ ಇತ್ತು."

ಲಕೋಟೆ ಒಡೆದಿರಲಿಲ್ಲ. ಮೇಲೆ ಸಂಗನಬಸಪ್ಪನವರದೇ ಅಕ್ಷರ, ಅವರದೇ ಸಹಿ, ಅವರದೇ ದಿನಾಂಕ: 'ಫೈಲು ಮುಚ್ಚಿದ ಮೇಲೆ ಬಂದದ್ದು. ಓದಿಲ್ಲ. ಹಿಂದಿರುಗಿಸಿದೆ.'

"ನೀನೂ ಓದಲಿಲ್ಲ?"

"ಓದಿದ್ರ ಗೊತ್ತಾಗ್ತದ. ಗೊತ್ತಾದ್ರ ಏನರ ಮಾಡಬೇಕಾಗ್ತದ," ಎಂದ ಸೋಮನಾಥ. "ಒಡಿಯಾಕ ಧೈರ್ಯ ಬರಲಿಲ್ಲ."

ಸೌಜನ್ಯಾ ತನ್ನ ಕೈಚೀಲದಿಂದ ಗರಿ ಕೊಯ್ಯುವ ಪುಟ್ಟ ಚಾಕುವನ್ನು ತೆಗೆದುಕೊಟ್ಟಳು. ಯೋಗೀಶ ಕೊಟ್ಟ ಚಾಕು. ಸಂಗನಬಸಪ್ಪ ಲಕೋಟೆಯ ಅಂಚನ್ನು ಒಂದೇ ಬೀಸಿಗೆ ಸೀಳಿದರು.

ಒಳಗೆ ಒಂದೇ ಹಾಳೆ. ಅಚ್ಚಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ ಐದು ವಾಕ್ಯ.

'ಮಾನ್ಯರೇ, ಸ್ಕ್ರಿಪ್ಸ್ ರ್ಯಾಂಚ್ ಮನೆಯ ವರ್ಜಿನಲ್ ಕದ್ದವನು ನಾನೇ. ಗುರುವಾರ ಸಂಜೆ ಕದ್ದೆ. ಅದು ಈಗ ನನ್ನ ಬಳಿ ಇಲ್ಲ. ಆ ಮನೆಯವರಿಗೆ, ಮುಖ್ಯವಾಗಿ ಆ ಹುಡುಗಿಗೆ, ಏನೂ ಗೊತ್ತಿಲ್ಲ. ದಯವಿಟ್ಟು ಅವರನ್ನು ಇನ್ನು ಏನೂ ಕೇಳಬೇಡಿ.'

ಕೆಳಗೆ ಪೂರ್ತಿ ಹೆಸರು. ಸಹಿ.

ಸಂಗನಬಸಪ್ಪ ಅದನ್ನು ಎರಡನೆಯ ಸಲ ಓದಿದರು. ಪೆನ್ನು ಹಿಡಿದು ಅರ್ಧ ಗಂಟೆ ಕುಳಿತವನ ಮೌನದ ಅರ್ಥ ಇದು. ಕದ್ದೆನೆಂದು ಒಮ್ಮೆ ಸಹಿ ಹಾಕಿದ್ದವನು. ಕದ್ದಿಲ್ಲವೆಂದು ಬರೆದರೆ ಆ ಹುಡುಗಿಯ ಹೆಸರು ಹೊರಗೆ ಬರಬೇಕು. ಆ ಫೆಬ್ರವರಿಯಲ್ಲೇ ಒಡೆದು ಓದಿದ್ದರೆ, ಗುರುವಾರ ಎಂಬ ಒಂದು ಪದವನ್ನು ಹಿಡಿದು, ಶನಿವಾರ ವಿಭೂತಿ ಹಚ್ಚಿದ ಮುದುಕಿಯನ್ನು ಒಂದು ಮಾತು ಕೇಳಿದ್ದರೆ, ಇದು ಸುಳ್ಳೆಂದು ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು. ಈಗ ಇದು ಎರಡು ವರ್ಷ ಮೊಹರಿನೊಳಗಿದ್ದ ತಪ್ಪೊಪ್ಪಿಗೆ. ಇದರ ದಿನಾಂಕಕ್ಕೆ ಸಾಕ್ಷಿ ಸ್ವತಃ ಸಂಗನಬಸಪ್ಪನವರ ಸಹಿ.

ವಾದ್ಯದ ಹೆಸರಿನ ಮೂರು ಅರ್ಥಗಳಲ್ಲಿ ಬೆಳಿಗ್ಗೆ ಅವರು ಕಡ್ಡಿಯನ್ನು ಆರಿಸಿಕೊಂಡಿದ್ದರು. ಮುಳ್ಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಏನಂತ ಬರದಾನಪಾ ಆ ಹುಡುಗ?" ಎಂದು ಮಲ್ಲವ್ವ ಕೇಳಿದರು.

ಸಂಗನಬಸಪ್ಪನವರ ಭುಜದ ಮೇಲಿನಿಂದ ಬಗ್ಗಿ ಸೋಮನಾಥ ಆಗಲೇ ಓದಿ ಮುಗಿಸಿದ್ದ. ಅವನ ಉಸಿರು ಬದಲಾದದ್ದು ಅವರಿಗೆ ಕೇಳಿಸಿತು. ಅವನು ನಿಧಾನವಾಗಿ ಸುತ್ತು ಬಂದು ಎದುರಿಗೆ ನಿಂತ. ಮಗಳ ಕಡೆ ನೋಡಿದ. ಹೊಸ ಗೋಡೆಗಳ ಕಡೆ ನೋಡಿದ.

"ಸಂಗನಬಸಪ್ಪನವರ," ಎಂದ. ದನಿಯಲ್ಲಿ ಒರಟುತನ ಇರಲಿಲ್ಲ, ಬೇಡಿಕೆಯಿತ್ತು. ಅದು ಇನ್ನೂ ಭಯಂಕರವಾಗಿತ್ತು. "ಅಂವಾ ತಾನ ಬರಕೊಟ್ಟಾನ. ನಾವು ಕೇಳಿಲ್ಲ. ಇದು ಇದ್ರ ನನ್ನ ಮನಿ ಉಳಿತದ, ಮಗಳ ಹೆಸರು ಉಳಿತದ. ಆ ಕಾಗದ ನನ್ನ ಹೆಸರಿಗೆ ಕಳಿಸಿದಾವರು ನೀವು. ಅದು ನಂದು."

"ಅಪ್ಪ, ಏನದು? ವಾಟ್ ಡಸ್ ಇಟ್ ಸೇ?"

ಸಂಗನಬಸಪ್ಪ ಹಾಳೆಯನ್ನು ಮಡಿಕೆಯ ಮೇಲೆ ಮಡಿಕೆಯಿಟ್ಟು ಮಡಚಿದರು. ಬೇರೆಯವರಿಗೆ ಸೇರಿದ ಕಾಗದವನ್ನು ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಅವರು ಇಟ್ಟುಕೊಂಡಿರಲಿಲ್ಲ. ಗೋಡೆಯ ಗಡಿಯಾರ ಎರಡು ಗಂಟೆ ತೋರಿಸುತ್ತಿತ್ತು. ಸೋಮವಾರದ ಹತ್ತಕ್ಕೆ ಇನ್ನು ನಲವತ್ತನಾಲ್ಕು ಗಂಟೆ.

"ಕೊಡ್ರಿ," ಎಂದ ಸೋಮನಾಥ.

ಅವನ ಕೈ, ಅಂಗೈ ಮೇಲಾಗಿ, ಅವರಿಬ್ಬರ ನಡುವೆ ಚಾಚಿಕೊಂಡೇ ಇತ್ತು.